ಮಲೆನಾಡಿನ ನೀರಿನ ಗುಣ: ಸಕಲೇಶಪುರ–ಆಲೂರು ಭಾಗದ ಹಳ್ಳ, ಬಾವಿ ಮತ್ತು ಕೊಳವೆಬಾವಿ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಳೆಗಾರರು ನೀರಿನ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು. ಕೊಳವೆಬಾವಿಯಿಂದ ತಿಳಿಯಾಗಿ ಬಂದ ನೀರು ತೊಟ್ಟಿಯಲ್ಲಿ ನಿಂತ ಮೇಲೆ ಕೆಂಪಾಗುವುದೇಕೆ? ಎಷ್ಟು ಗೊಬ್ಬರ ಹಾಕಿದರೂ ತೋಟದ ಮಣ್ಣು ಹುಳಿಯಾಗುತ್ತಲೇ ಹೋಗುವುದೇಕೆ? ಕಾಫಿ ಪಲ್ಪಿಂಗ್ ಕಾಲದಲ್ಲಿ ಹಳ್ಳದ ನೀರು ಕಪ್ಪಾಗಿ ಮೀನು ಸಾಯುವುದೇಕೆ? ಮೇಲ್ನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಪ್ರಶ್ನೆಗಳು. ಆದರೆ ಮೂರಕ್ಕೂ ಉತ್ತರವಿರುವುದು ಒಂದೇ ಕಡೆ. ಮಳೆಯ ನೀರು ಮಣ್ಣು ಮತ್ತು ಬಂಡೆಗಳ ಮೂಲಕ ಇಳಿದು ಹಳ್ಳ ಸೇರುವವರೆಗೆ ಏನನ್ನು ಕರಗಿಸಿಕೊಳ್ಳುತ್ತದೆ, ಏನನ್ನು ಬಿಟ್ಟು ಹೋಗುತ್ತದೆ ಎಂಬುದನ್ನು ತಿಳಿದರೆ ಮೂರೂ ಬಿಡಿಸಿಕೊಳ್ಳುತ್ತವೆ. ಆ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮಳೆನೀರು ಶುದ್ಧ ನೀರಲ್ಲ

ಮಳೆಯ ಹನಿ ಗಾಳಿಯ ಮೂಲಕ ಬೀಳುವಾಗಲೇ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಾರ್ಬಾನಿಕ್ ಆಮ್ಲವಾಗುತ್ತದೆ. ಇದು ಬಹಳ ದುರ್ಬಲವಾದ ಆಮ್ಲ. ಸೋಡಾ ಬಾಟಲಿಯಲ್ಲಿ ಇರುವುದೂ ಇದೇ. ಹೀಗಾಗಿ ಕಲ್ಮಷವಿಲ್ಲದ ಮಳೆನೀರಿನ ರಸಸಾರವೂ ಸುಮಾರು 5.6 ಇರುತ್ತದೆ. ರಸಸಾರ 7 ಇದ್ದರೆ ಆ ನೀರು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿದಂತೆ ಎಂಬುದನ್ನು ಗಮನಿಸಬೇಕು.

ಈ ನೀರು ಮಣ್ಣಿಗೆ ಇಳಿದ ಮೇಲೆ ಅದರ ಹುಳಿ ಇನ್ನೂ ಹೆಚ್ಚುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಾಗಿರುತ್ತದೆ. ನೆರಳು ಮರಗಳ ತರಗೆಲೆ ಕೊಳೆಯುವ ಕಾಫಿ ತೋಟದಲ್ಲಿ ಈ ಕ್ರಿಯೆ ಇನ್ನೂ ಚುರುಕು.

ಈ ಹುಳಿನೀರು ಬಂಡೆಯನ್ನು ಕರಗಿಸುತ್ತದೆ. ನಮ್ಮ ಭಾಗದ ಬಂಡೆ ಬಹುಪಾಲು ನೈಸ್ ಜಾತಿಯದು. ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಹುಳಿನೀರಿನೊಡನೆ ಕೂಡಿದಾಗ ಅದರ ಸುಣ್ಣ, ಸೋಡಿಯಂ, ಪೊಟ್ಯಾಷ್ ಮತ್ತು ಸ್ವಲ್ಪ ಸಿಲಿಕಾ ಕರಗಿ ನೀರಿಗೆ ಬರುತ್ತವೆ. ಉಳಿದದ್ದು ಬಿಳಿಯ ಜೇಡಿಯಾಗುತ್ತದೆ. ಬಾವಿ ತೋಡುವಾಗ ಕೆಂಪು ಮಣ್ಣಿನ ಕೆಳಗೆ ಸಿಗುವ ಬಿಳಿ ಅಥವಾ ತಿಳಿಗುಲಾಬಿ ಬಣ್ಣದ ಮೆದು ಪದರ ಇದೇ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಗಾಳಿಯಾಡುವ ಮಣ್ಣಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅವು ಮೇಲೆಯೇ ಉಳಿದು ಗಟ್ಟಿಯಾಗಿ ಜಂಬಿಟ್ಟಿಗೆಯಾಗುತ್ತವೆ. ಜಂಬಿಟ್ಟಿಗೆಯ ಗುಡ್ಡವೆಂದರೆ ಲಕ್ಷಾಂತರ ವರ್ಷಗಳ ಮಳೆ ಕರಗುವುದನ್ನೆಲ್ಲ ತೊಳೆದುಕೊಂಡು ಹೋದ ಮೇಲೆ ಉಳಿದ ಶೇಷ.

ಪಶ್ಚಿಮದಿಂದ ಪೂರ್ವಕ್ಕೆ ನೀರು ಬದಲಾಗುವ ಬಗೆ

ಬಿಸ್ಲೆ ದಾರಿಯ ಮಂಕನಹಳ್ಳಿಯ ದಿಣ್ಣೆಯ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಕುಮಾರಧಾರೆ, ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಹೇಮಾವತಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಘಟ್ಟದ ಅಂಚಿನಲ್ಲಿ ಮಳೆ ಅತಿ ಹೆಚ್ಚು. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿ.ಮೀ. ದಾಟುವ ಮಳೆ ಆಲೂರು ದಾಟಿ ಹಾಸನ ಮುಟ್ಟುವಷ್ಟರಲ್ಲಿ 1000 ಮಿ.ಮೀ.ಗಿಂತ ಕೆಳಗಿಳಿಯುತ್ತದೆ.

ನೀರಿನ ರುಚಿ, ಗುಣ ಎರಡೂ ಇದನ್ನೇ ಅನುಸರಿಸುತ್ತವೆ. ಮಳೆ ಹೆಚ್ಚಿರುವಲ್ಲಿ ನೀರು ಬೇಗ ಇಳಿದು ಬೇಗ ಹೊರಬರುತ್ತದೆ. ಬಂಡೆಯೊಡನೆ ಅದರ ಸಹವಾಸ ಅಲ್ಪಕಾಲದ್ದು. ಆದ್ದರಿಂದ ಘಟ್ಟದ ಕಡೆಯ ಒರತೆ, ಹಳ್ಳ ಮತ್ತು ತೆರೆದ ಬಾವಿಗಳ ನೀರು ಲವಣ ಕಡಿಮೆಯಿರುವ, ಸ್ವಲ್ಪ ಹುಳಿಯಾದ, ಮೆದು ನೀರು. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆ, ಆವಿಯಾಗುವುದು ಹೆಚ್ಚು. ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಸುಣ್ಣ, ಮೆಗ್ನೀಸಿಯಂಗಳನ್ನು ಹೆಚ್ಚು ಕರಗಿಸಿಕೊಂಡು ಗಡಸಾಗುತ್ತದೆ. ನಮ್ಮ ಜಿಲ್ಲೆಯದೇ ಆದ ಅರಸೀಕೆರೆಯ ಕಡೆಯ ಕೊಳವೆಬಾವಿಗಳಲ್ಲಿ ಗಡಸುತನವೂ ಹಲವೆಡೆ ಫ್ಲೋರೈಡೂ ತೊಂದರೆ ಕೊಡುವುದು ಇದರಿಂದಲೇ.

ಈ ವ್ಯತ್ಯಾಸವನ್ನು ಅಳೆಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಮನೆಯ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಮೆದು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ, ಸಾಬೂನು ಬೇಗ ನೊರೆ ಕೊಡುತ್ತದೆ. ಗಡಸು ನೀರಿನ ಸುಣ್ಣ ಬೇಳೆಯ ಅಂಟಿನೊಡನೆ ಸೇರಿ ಅದನ್ನು ಗಟ್ಟಿಯಾಗಿಸುತ್ತದೆ. ಸಾಬೂನಿನೊಡನೆ ಸೇರಿ ಅದನ್ನು ಮೊಸರಿನಂತೆ ಒಡೆಯುತ್ತದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾದದ್ದು 2024ರಲ್ಲಿ. ಕೋಲಾರ, ಚಿಕ್ಕಬಳ್ಳಾಪುರಗಳ ಗಡಸು ನೀರಿನ ಊರುಗಳಿಗಾಗಿ ಉದ್ದೇಶಿಸಿರುವುದು ಸಕಲೇಶಪುರದ ಈ ಮೆದು ನೀರನ್ನೇ.

ಇಲ್ಲಿ ಇನ್ನೊಂದು ವಿಷಯ. ಒಂದೇ ತೋಟದ ತೆರೆದ ಬಾವಿ ಮತ್ತು ಕೊಳವೆಬಾವಿಗಳ ನೀರು ಒಂದೇ ಆಗಿರಬೇಕಾಗಿಲ್ಲ. ತೆರೆದ ಬಾವಿಗೆ ಬರುವುದು ಮೇಲಿನ ಮೆದು ಪದರದ ಹೊಸ ನೀರು. ಕೊಳವೆಬಾವಿಗೆ ಬರುವುದು ಆಳದ ಬಿರುಕಿನ ಹಳೆಯ ನೀರು. ಅದರಲ್ಲಿ ಬೈಕಾರ್ಬೊನೇಟ್ ಮತ್ತು ಗಡಸುತನ ಹೆಚ್ಚು, ಹುಳಿ ಕಡಿಮೆ. ಒಂದನ್ನು ಪರೀಕ್ಷಿಸಿ ಇನ್ನೊಂದೂ ಹಾಗೆಯೇ ಎಂದು ತಿಳಿಯಬಾರದು.

ನೀರು ಮೆದುವಾದಷ್ಟೂ ಮಣ್ಣು ಬಡವಾಗುತ್ತದೆ

ಮೆದು ನೀರು ಬಳಕೆಗೆ ಹಿತ. ಆದರೆ ಆ ನೀರು ಎಲ್ಲಿಂದ ಬಂತೋ ಆ ಮಣ್ಣಿನ ಸ್ಥಿತಿ ಏನು ಎಂಬುದನ್ನೂ ಯೋಚಿಸಬೇಕು. ಒಂದು ಲೆಕ್ಕ ಹಾಕೋಣ. ಒಂದು ಎಕರೆ ತೋಟದ ಮೂಲಕ ವರ್ಷಕ್ಕೆ 1000 ಮಿ.ಮೀ. ನೀರು ಇಂಗಿ ಹೊರಹೋಗುತ್ತದೆ ಎಂದಿಟ್ಟುಕೊಳ್ಳಿ. ಅದು ಸುಮಾರು 40 ಲಕ್ಷ ಲೀಟರ್. ಆ ನೀರಿನ ಪ್ರತಿ ಲೀಟರಿನಲ್ಲಿ ಕೇವಲ 5 ಮಿ.ಗ್ರಾಂ. ಕ್ಯಾಲ್ಸಿಯಂ ಇದ್ದರೂ ಎಕರೆಗೆ 20 ಕಿ.ಗ್ರಾಂ. ಕ್ಯಾಲ್ಸಿಯಂ ಹರಿದುಹೋಯಿತು. ಸುಣ್ಣಕಲ್ಲಿನ ಪುಡಿಯ ಲೆಕ್ಕದಲ್ಲಿ ಇದು 50 ಕಿ.ಗ್ರಾಂ., ಅಂದರೆ ವರ್ಷಕ್ಕೆ ಒಂದು ಮೂಟೆ. ಮೆಗ್ನೀಸಿಯಂ, ಪೊಟ್ಯಾಷ್‌ಗಳು ಇದರ ಜೊತೆಗೆ ಹೋದದ್ದು ಬೇರೆ. ಇಷ್ಟು ಹೋದರೂ ಹಳ್ಳದ ನೀರು ಕಣ್ಣಿಗೆ ಸ್ಫಟಿಕದಂತೆ ಕಾಣುತ್ತದೆ.

ಇದರ ಮೇಲೆ ನಾವು ಹಾಕುವ ಸಾರಜನಕ ಗೊಬ್ಬರಗಳೂ ಹುಳಿಯನ್ನು ಕೂಡಿಸುತ್ತವೆ. ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. 100 ಕಿ.ಗ್ರಾಂ. ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಹುಳಿಯನ್ನು ಸರಿಪಡಿಸಲು ಸುಮಾರು 110 ಕಿ.ಗ್ರಾಂ. ಸುಣ್ಣಕಲ್ಲಿನ ಪುಡಿ ಬೇಕು, 100 ಕಿ.ಗ್ರಾಂ. ಯೂರಿಯಾಕ್ಕೆ ಸುಮಾರು 80 ಕಿ.ಗ್ರಾಂ. ಬೇಕು. ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗುವ ವಸ್ತು. ಗಿಡ ಹೀರದೆ ಉಳಿದದ್ದು ಮಳೆಯೊಡನೆ ಇಳಿದುಹೋಗುವಾಗ ಮಣ್ಣಿನ ಸುಣ್ಣವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹಣ ಕೊಟ್ಟು ತಂದ ಗೊಬ್ಬರ ಬಾವಿ ಸೇರುತ್ತದೆ. ಮಣ್ಣಿನಲ್ಲಿ ಉಳಿಯುವುದು ಹುಳಿ ಮಾತ್ರ.

ಆದ್ದರಿಂದ ಮಲೆನಾಡಿನಲ್ಲಿ ಸುಣ್ಣ ಹಾಕುವುದು ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ. ಮಳೆ ನಿಲ್ಲುವವರೆಗೆ ನಷ್ಟವೂ ನಿಲ್ಲುವುದಿಲ್ಲ. ಮಣ್ಣು ಪರೀಕ್ಷೆಯ ವರದಿಯಂತೆ, ಮುಂಗಾರು ಮುಗಿದು ಮಣ್ಣಿನಲ್ಲಿ ಇನ್ನೂ ತೇವವಿರುವಾಗ ನುಣ್ಣಗಿನ ಕೃಷಿ ಸುಣ್ಣ ಅಥವಾ ಡಾಲಮೈಟ್ ಹಾಕಬೇಕು. ಡಾಲಮೈಟ್‌ನಲ್ಲಿ ಮೆಗ್ನೀಸಿಯಂ ಕೂಡ ದೊರೆಯುತ್ತದೆ. ಸುಣ್ಣವನ್ನು ಯೂರಿಯಾ, ಅಮೋನಿಯಂ ಗೊಬ್ಬರಗಳೊಡನೆ ಬೆರೆಸಬಾರದು. ಬೆರೆಸಿದರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಗೊಬ್ಬರವನ್ನು ಜೋರು ಮಳೆಯ ಮುನ್ನ ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ ಕೊಡಬೇಕು. ತರಗೆಲೆಯ ಹೊದಿಕೆಯನ್ನು ಉಳಿಸಿಕೊಂಡರೆ ಆಳದ ಬೇರುಗಳು ಮೇಲೆತ್ತಿ ತಂದ ಸುಣ್ಣ ಪುನಃ ಮಣ್ಣಿಗೇ ಸೇರುತ್ತದೆ.

ನೀರು ಕೆಂಪಾಗುವ ಕಾರಣ

ಕಬ್ಬಿಣಕ್ಕೆ ಎರಡು ರೂಪ. ಗಾಳಿ ಇರುವಲ್ಲಿ ಅದು ಫೆರಿಕ್ ರೂಪದಲ್ಲಿರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ತುಕ್ಕಿನ ಬಣ್ಣ. ಗಾಳಿ ಇಲ್ಲದ ಕಡೆ ಅದು ಫೆರಸ್ ರೂಪಕ್ಕೆ ಬದಲಾಗುತ್ತದೆ. ಅದು ಕರಗುತ್ತದೆ, ಬಣ್ಣ ಕಾಣಿಸುವುದಿಲ್ಲ. ಆಳದ ನೀರಿನಲ್ಲಿ ಗಾಳಿ ಇಲ್ಲ. ಪಂಪು ಎತ್ತಿದಾಗ ತಿಳಿಯಾಗಿರುವ ನೀರು ತೊಟ್ಟಿಯಲ್ಲಿ ಗಾಳಿ ತಾಗಿ ಫೆರಿಕ್ ಆಗಿ ಕೆಂಪು ಗಸಿ ಕೂರುತ್ತದೆ. ಲೀಟರಿಗೆ 0.3 ಮಿ.ಗ್ರಾಂ. ದಾಟಿದರೆ ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಇಂಥ ನೀರಿನಲ್ಲಿ ಮಾಡಿದ ಚಹಾ ಕಪ್ಪಾಗುವುದುಂಟು. ಚಹಾದ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಮಸಿಯಾಗುತ್ತವೆ. ಹಿಂದಿನವರು ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಬರೆಯುವ ಮಸಿ ಮಾಡುತ್ತಿದ್ದುದು ಇದೇ ತತ್ವದ ಮೇಲೆ.

ನಿಮ್ಮ ನೀರಿನಲ್ಲಿ ಕಬ್ಬಿಣವಿದೆಯೇ ಎಂದು ತಿಳಿಯಲು ಹೊಸದಾಗಿ ಎತ್ತಿದ ನೀರನ್ನು ಗಾಜಿನ ಬಾಟಲಿಯಲ್ಲಿ ಅರ್ಧ ತುಂಬಿ, ಕುಲುಕಿ, ಒಂದು ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಇದ್ದರೆ ಕಬ್ಬಿಣವಿದೆ. ನೀರು ಹೊರಬರುವಾಗಲೇ ಕೆಂಪಾಗಿದ್ದರೆ ಪೈಪು ತುಕ್ಕು ಹಿಡಿದಿರಬಹುದು. ಹುಳಿಯಾದ ಮೆದು ನೀರು ಕಬ್ಬಿಣದ ಪೈಪನ್ನು ಬೇಗ ತಿನ್ನುತ್ತದೆ. ಗಡಸು ನೀರು ಪೈಪಿನ ಒಳಗೆ ಸುಣ್ಣದ ಪದರ ಕಟ್ಟಿ ಅದನ್ನು ಕಾಯುತ್ತದೆ, ಮೆದು ನೀರಿನಲ್ಲಿ ಆ ರಕ್ಷಣೆ ಇಲ್ಲ. ನಮ್ಮ ಭಾಗಕ್ಕೆ ಪಿ.ವಿ.ಸಿ. ಪೈಪು ಲೇಸು. ಇದೇ ಕಾರಣದಿಂದ ತಾಮ್ರದ ಹಂಡೆಯಲ್ಲಿ ನಿಂತ ನೀರು ಹಸಿರು ಕಲೆ ಬಿಡುತ್ತದೆ. ಅಂಥ ನೀರನ್ನು ಕುಡಿಯಲು ಬಳಸಬಾರದು.

ಗದ್ದೆಯ ಅಂಚಿನಲ್ಲಿ ಒರತೆಯ ನೀರಿನ ಮೇಲೆ ಎಣ್ಣೆ ತೇಲಿದಂತೆ ಬಣ್ಣಬಣ್ಣದ ಪೊರೆ ಕಾಣುವುದುಂಟು. ಕಡ್ಡಿಯಿಂದ ಮುಟ್ಟಿ ನೋಡಿ. ಪೊರೆ ಗಾಜಿನಂತೆ ಚೂರುಚೂರಾದರೆ ಅದು ಕಬ್ಬಿಣದ ಪೊರೆ. ಸೀಳಿದ ಮೇಲೆ ಮತ್ತೆ ಕೂಡಿಕೊಂಡರೆ ಸೀಮೆಎಣ್ಣೆ ಅಥವಾ ಡೀಸೆಲ್. ಕಬ್ಬಿಣದ ಒರತೆ ಸೇರುವ ಗದ್ದೆಯಲ್ಲಿ ಭತ್ತದ ಎಲೆಗಳ ಮೇಲೆ ಕಂದು ಚುಕ್ಕೆ ಬಿದ್ದು ಪೈರು ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಬೇರು ತುಕ್ಕು ಬಳಿದಂತೆ ಕಾಣುತ್ತದೆ, ತೆಂಡೆ ಒಡೆಯುವುದಿಲ್ಲ. ಇದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವುದು ವ್ಯರ್ಥ. ಗುಡ್ಡದ ಬುಡದಲ್ಲಿ ಬಸಿಗಾಲುವೆ ತೆಗೆದು ಒರತೆಯ ನೀರು ನೇರವಾಗಿ ಗದ್ದೆಗೆ ನುಗ್ಗದಂತೆ ಮಾಡುವುದು, ನಡುವೆ ಒಮ್ಮೆ ನೀರು ಬಸಿದು ಮಣ್ಣಿಗೆ ಗಾಳಿ ಕೊಡುವುದು, ಸುಣ್ಣ ಮತ್ತು ಪೊಟ್ಯಾಷ್ ಕೊಡುವುದು ಇದಕ್ಕೆ ಪರಿಹಾರ.

ಹನಿ ನೀರಾವರಿ ಇರುವವರು ಹೆಚ್ಚು ಎಚ್ಚರದಿಂದಿರಬೇಕು. ಲೀಟರಿಗೆ 0.1 ಮಿ.ಗ್ರಾಂ. ದಾಟಿದರೆ ಕಬ್ಬಿಣ ಹನಿಕೆಗಳನ್ನು ಕಟ್ಟಲು ಆರಂಭಿಸುತ್ತದೆ, 1.5 ಮಿ.ಗ್ರಾಂ. ದಾಟಿದರೆ ತೀವ್ರ ತೊಂದರೆ. ಕಬ್ಬಿಣವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಪೈಪಿನಲ್ಲಿ ಕಂದು ಲೋಳೆ ಕಟ್ಟಿಸುತ್ತವೆ. ಇದಕ್ಕೆ ಪರಿಹಾರ ಸರಳ: ನೀರನ್ನು ರಂಧ್ರದ ತಟ್ಟೆಯ ಮೂಲಕ ಮಳೆಯಂತೆ ತೊಟ್ಟಿಗೆ ಬೀಳಿಸಿ ಗಾಳಿ ತಾಗಿಸಿ, ಗಸಿ ಕೂರಲು ಬಿಟ್ಟು, ಮರಳಿನ ಶೋಧಕದಿಂದ ಹಾಯಿಸುವುದು. ಆದರೆ ನೀರು ಹುಳಿಯಾಗಿದ್ದರೆ ಗಾಳಿ ತಾಗಿದರೂ ಕಬ್ಬಿಣ ಬೇಗ ಕೂರುವುದಿಲ್ಲ. ರಸಸಾರ ಒಂದು ಅಂಕಿ ಏರಿದರೆ ಈ ಕ್ರಿಯೆ ಸುಮಾರು ನೂರು ಪಟ್ಟು ವೇಗವಾಗುತ್ತದೆ. ಹಾಗಾಗಿ ನೀರು ಮೊದಲು ಸುಣ್ಣಕಲ್ಲಿನ ಜಲ್ಲಿ ಅಥವಾ ಕಪ್ಪೆಚಿಪ್ಪಿನ ಪದರದ ಮೂಲಕ ಹಾಯುವಂತೆ ಮಾಡಿದರೆ ಹುಳಿ ಮುರಿಯುತ್ತದೆ. ಸುಟ್ಟ ಸುಣ್ಣ ಹೆಚ್ಚಾದರೆ ನೀರು ಕೆಡುತ್ತದೆ. ಜಲ್ಲಿಯಿಂದ ಆ ಅಪಾಯವಿಲ್ಲ.

ಪಲ್ಪಿಂಗ್ ನೀರು ಮತ್ತು ಹಳ್ಳ

ಕಾಫಿ ಹಣ್ಣಿನ ಅಂಟಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಇರುತ್ತವೆ. ಅವು ಹುಳಿತು ಬರುವ ನೀರಿನ ರಸಸಾರ 4ರ ಸುಮಾರಿಗೆ ಇಳಿಯುತ್ತದೆ. ಈ ನೀರು ಹಳ್ಳ ಸೇರಿದಾಗ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ತಿನ್ನಲು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸುತ್ತವೆ. ಒಂದು ಲೀಟರ್ ಪಲ್ಪಿಂಗ್ ನೀರಿಗೆ ಬೇಕಾಗುವ ಆಮ್ಲಜನಕ 3000-4000 ಮಿ.ಗ್ರಾಂ. ದಾಟುವುದು ಸಾಮಾನ್ಯ. ಆದರೆ ಒಂದು ಲೀಟರ್ ಒಳ್ಳೆಯ ಹಳ್ಳದ ನೀರಿನಲ್ಲಿ ಇರುವುದು ಸುಮಾರು 8 ಮಿ.ಗ್ರಾಂ. ಮಾತ್ರ. ಅಂದರೆ ಒಂದು ಕೊಡ ಪಲ್ಪಿಂಗ್ ನೀರು ನಾಲ್ಕುನೂರು, ಐನೂರು ಕೊಡ ಹಳ್ಳದ ನೀರಿನ ಉಸಿರನ್ನು ಕುಡಿಯಬಲ್ಲದು. ಪಲ್ಪಿಂಗ್ ನಡೆಯುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಹಳ್ಳ ಸೊರಗುವುದೂ ಆಗಲೇ. ಮೀನು ಸಾಯುವುದು ವಿಷದಿಂದಲ್ಲ, ಉಸಿರುಗಟ್ಟಿ. ಹಣ್ಣಿನ ಟ್ಯಾನಿನ್‌ನಂಥ ವಸ್ತುಗಳು ನೀರಿನ ಕಬ್ಬಿಣದೊಡನೆ ಸೇರಿ ಮೇಲೆ ಹೇಳಿದ ಮಸಿಯ ಬಣ್ಣ ಬರುತ್ತದೆ.

ಹಳ್ಳಕ್ಕೆ ಬಿಡದೆ ಹೊಂಡದಲ್ಲಿ ಇಂಗಿಸಿದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಇಂಗಿದ ನೀರು ಮಣ್ಣಿನೊಳಗಿನ ಗಾಳಿಯನ್ನು ಮುಗಿಸುತ್ತದೆ; ಆಗ ಜಂಬಿಟ್ಟಿಗೆಯಲ್ಲಿ ಗಟ್ಟಿಯಾಗಿ ಕೂತಿದ್ದ ಕಬ್ಬಿಣ ಮತ್ತು ಮ್ಯಾಂಗನೀಸ್ ಕರಗಿ ಕೆಳಗಿನ ಬಾವಿಗೆ ಬರುತ್ತವೆ. ಪಲ್ಪಿಂಗ್ ಹೊಂಡದ ಕೆಳಗಿನ ಬಾವಿಯ ನೀರು ಒಂದೆರಡು ವರ್ಷಗಳಲ್ಲಿ ಕೆಂಪಾಗಿ ವಾಸನೆ ಬರತೊಡಗಿದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಹಾಳಾಗುವುದು ಬೇರೆಯವರ ಬಾವಿಯೂ ಆಗಿರಬಹುದು, ತಮ್ಮ ಲೈನ್ ಮನೆಗಳ ಬಾವಿಯೂ ಆಗಿರಬಹುದು.

ಸರಿಯಾದ ಕ್ರಮವೆಂದರೆ ಕಡಿಮೆ ನೀರು ಬಳಸುವ ಪಲ್ಪರ್ ಉಪಯೋಗಿಸಿ, ಸಿಪ್ಪೆಯನ್ನು ನೀರಿನಿಂದ ಬೇರ್ಪಡಿಸಿ ಕಾಂಪೋಸ್ಟ್ ಮಾಡಿ, ನೀರನ್ನು ಸೋರದ ತೊಟ್ಟಿಯಲ್ಲಿ ಹಿಡಿಯುವುದು. ಲಿಟ್ಮಸ್ ಕಾಗದ ಹುಳಿ ತೋರಿಸದವರೆಗೆ ಸುಣ್ಣದ ತಿಳಿ ಹಾಕಿ, ಸಗಣಿ ಬಗ್ಗಡ ಬೆರೆಸಿ ಕೊಳೆಯಲು ಬಿಟ್ಟು, ಅನಂತರ ಗಾಳಿಯಾಡಿಸಿ ಸ್ವಂತ ತೋಟಕ್ಕೇ ಹಾಯಿಸಬಹುದು. ಸಂಸ್ಕರಿಸದ ನೀರನ್ನು ಹಳ್ಳಕ್ಕೆ ಬಿಡುವುದು 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯಂತೆ ಅಪರಾಧವೂ ಹೌದು. ನಮ್ಮ ಹಳ್ಳಗಳು ಹೇಮಾವತಿಯ ಮೂಲಕ ಗೊರೂರಿನ ಜಲಾಶಯಕ್ಕೆ ಸೇರುತ್ತವೆ. ಅಲ್ಲಿಂದ ಆ ನೀರನ್ನು ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ರೈತರು ಬಳಸುತ್ತಾರೆ ಎಂಬುದನ್ನು ಮರೆಯಬಾರದು.

ಕುಡಿಯುವ ಬಾವಿಯ ರಕ್ಷಣೆ

ತಿಳಿಯಾದ ನೀರೆಲ್ಲ ಸುರಕ್ಷಿತವಲ್ಲ. ಕಬ್ಬಿಣ ತನ್ನ ಬಣ್ಣ ತೋರಿಸಿ ಎಚ್ಚರಿಸುತ್ತದೆ; ನೈಟ್ರೇಟ್ ಮತ್ತು ರೋಗಾಣುಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದ ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಯಾಗುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಹೆಚ್ಚೇ ಆಗುತ್ತದೆ. ಶೌಚದ ಗುಂಡಿ, ತಿಪ್ಪೆ ಮತ್ತು ಕೊಟ್ಟಿಗೆಯ ಗಂಜಲದ ಗುಂಡಿಗಳು ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿ ಇರಬೇಕು. ಬಾವಿಗೆ ಕಟ್ಟೆ ಮತ್ತು ಮುಚ್ಚಳ ಇರಬೇಕು. ಔಷಧಿ ಸಿಂಪಡಿಸುವ ಪಂಪನ್ನು ಬಾವಿಯ ಬಳಿ ತೊಳೆಯಬಾರದು.

ಮಳೆಗಾಲದ ಆರಂಭದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಅವಶ್ಯ. ಬಾವಿಯ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ತಿಳಿಯುತ್ತದೆ (ಅಳತೆಗಳು ಮೀಟರಿನಲ್ಲಿ). 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 28,260 ಲೀಟರ್. 1000 ಲೀಟರಿಗೆ 2.5 ಗ್ರಾಂ.ನಂತೆ ಸುಮಾರು 70 ಗ್ರಾಂ. ಒಳ್ಳೆಯ ಪುಡಿ ಸಾಕು. ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಒಂದು ಗಂಟೆಯ ನಂತರ ನೀರು ಬಳಸಬಹುದು. ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗುವುದರಿಂದ ಪುಡಿ ಹೆಚ್ಚು ಬೇಕಾಗುತ್ತದೆ.

ಪರೀಕ್ಷೆಗೆ ನೀರು ಕಳುಹಿಸುವುದು ಮತ್ತು ವರದಿ ಓದುವುದು

ಪಂಪನ್ನು 10-15 ನಿಮಿಷ ಓಡಿಸಿದ ನಂತರ, ಅದೇ ನೀರಿನಿಂದ ಮೂರು ಸಲ ತೊಳೆದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಅಂಚಿನವರೆಗೆ ತುಂಬಿ ಮುಚ್ಚಬೇಕು. ಹೆಸರು, ಊರು, ಬಾವಿಯ ಬಗೆ, ಆಳ, ದಿನಾಂಕ ಬರೆದು ಒಂದು ದಿನದೊಳಗೆ ತಲುಪಿಸಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಶಾಲೆಯವರೇ ಕೊಡುವ ಬೇರೆ ಬಾಟಲಿ ಬೇಕು. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಪರೀಕ್ಷಿಸಿದರೆ ಪೂರ್ಣ ಚಿತ್ರ ದೊರೆಯುತ್ತದೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಪಡೆಯಬಹುದು.

ವರದಿಯಲ್ಲಿ ನೋಡಬೇಕಾದ ಅಂಶಗಳು:

1. ರಸಸಾರ: ಕುಡಿಯುವ ನೀರಿಗೆ 6.5ರಿಂದ 8.5. ಕೆಳಗಿದ್ದರೆ ಪೈಪು, ಪಾತ್ರೆಗಳ ಬಗ್ಗೆ ಎಚ್ಚರ.

2. ವಿದ್ಯುತ್ ವಾಹಕತೆ: ಇದು ಒಟ್ಟು ಲವಣದ ಅಳತೆ. ನೀರಾವರಿಗೆ 0.25 ಡೆಸಿಸೀಮನ್ಸ್‌ಗಿಂತ ಕಡಿಮೆ ಇದ್ದರೆ ಅತ್ಯುತ್ತಮ, 0.75ರವರೆಗೆ ಒಳ್ಳೆಯದು. (ಹಳೆಯ ವರದಿಗಳಲ್ಲಿ ಮಿಲಿಮೋ ಎಂದಿರುತ್ತದೆ; ಅಂಕಿ ಅದೇ.)

3. ಒಟ್ಟು ಗಡಸುತನ: ಕುಡಿಯಲು ಲೀಟರಿಗೆ 200 ಮಿ.ಗ್ರಾಂ.ವರೆಗೆ ಹಿತ, ಬೇರೆ ನೀರಿಲ್ಲದಿದ್ದರೆ 600ರವರೆಗೆ.

4. ಉಳಿಕೆ ಸೋಡಿಯಂ ಕಾರ್ಬೊನೇಟ್: 1.25ರ ಒಳಗಿದ್ದರೆ ಮಣ್ಣಿಗೆ ಕ್ಷೇಮ, 2.5 ದಾಟಿದರೆ ನೀರಾವರಿಗೆ ಸಲ್ಲದು. ಆಲೂರಿನ ಪೂರ್ವ ಭಾಗದ ಆಳವಾದ ಕೊಳವೆಬಾವಿಗಳವರು ಇದನ್ನು ತಪ್ಪದೆ ನೋಡಬೇಕು.

5. ಫ್ಲೋರೈಡ್: ಕುಡಿಯಲು 1.0 ಮಿ.ಗ್ರಾಂ.; 1.5 ಮೀರಲೇಬಾರದು.

ಸಾರಾಂಶ

ನಮ್ಮ ಗುಡ್ಡದ ನೀರು ಸ್ವಭಾವದಿಂದ ಮೆದು, ಸ್ವಲ್ಪ ಹುಳಿ, ಕಬ್ಬಿಣದ ನೆರೆಯಲ್ಲಿ ಬಾಳುವಂಥದು. ಅದು ಒಯ್ಯುವ ಸುಣ್ಣವನ್ನು ಮಣ್ಣಿಗೆ ಮರಳಿಸಬೇಕು. ಅದು ತರುವ ಕಬ್ಬಿಣವನ್ನು ಗಾಳಿ ಮತ್ತು ಮರಳಿನಿಂದ ತೆಗೆಯಬೇಕು. ಅದರಲ್ಲಿ ಇರುವ ಅಲ್ಪ ಆಮ್ಲಜನಕವನ್ನು ಪಲ್ಪಿಂಗ್ ನೀರಿನಿಂದ ಕಸಿಯಬಾರದು. ಈ ಮೂರು ಕೆಲಸಗಳಿಗೆ ಬೇಕಾಗುವುದು ಸುಣ್ಣ, ಮರಳು, ಸೋರದ ಒಂದು ತೊಟ್ಟಿ. ಇವು ಯಾವ ಬೆಳೆಗಾರರ ಕೈಗೂ ಎಟುಕುವಂಥವು. ಕೆಟ್ಟ ಬಾವಿಯನ್ನು ಸರಿಪಡಿಸುವ ಖರ್ಚಿನ ಮುಂದೆ ಇವುಗಳ ಖರ್ಚು ಲೆಕ್ಕಕ್ಕೇ ಬಾರದು. ಈ ವರ್ಷದ ಪಲ್ಪಿಂಗ್ ಆರಂಭವಾಗುವ ಮೊದಲೇ ರೈತ ಬಾಂಧವರು ತಮ್ಮ ಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ ಆ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು. ಮುಂದೆ ನೀರು ಬದಲಾದರೆ ಹೋಲಿಸಿ ನೋಡಲು ಅದೇ ಆಧಾರವಾಗುತ್ತದೆ.